ಮುಖಕ್ಕೆ ಹೊಡೆಯದೆ ನಿಜ ಹೇಳುವುದು, ಮುಖ ಗಂಟಿಕ್ಕದೆ ಕೇಳುವುದು

ಬೈಬಲ್ ಸ್ಟಡಿ ಮುಗಿದಿತ್ತು. ಎಲ್ಲರೂ ಹೊರಟುಹೋಗಿದ್ದರು. ನಾನು ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದೆ. ಗುಂಪಿನ ಹಿರಿಯ ಅಕ್ಕ ಒಬ್ಬರು ಹಾಡಿನ ಪುಸ್ತಕಗಳನ್ನು ಒಟ್ಟು ಮಾಡುತ್ತಾ ಉಳಿದುಕೊಂಡಿದ್ದರು. ಕೊನೇ ಪುಸ್ತಕ ಇಟ್ಟ ಮೇಲೆ ನನ್ನ ಕಡೆ ತಿರುಗಿದರು.

"ಬ್ರದರ್, ಒಂದು ಮಾತು ಹೇಳ್ಲಾ? ನೀವು ಪ್ರಶ್ನೆ ಕೇಳ್ತೀರಿ, ಉತ್ತರಾನೂ ನೀವೇ ಹೇಳಿಬಿಡ್ತೀರಿ. ಇವತ್ತು ನಾಲ್ಕು ಸಲ ಹಾಗಾಯ್ತು. ಹಿಂದೆ ಕೂತಿದ್ದ ಹುಡುಗಿ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು."

ನನ್ನ ಕಿವಿ ಬಿಸಿಯಾಯಿತು. "ಟೈಮ್ ಇರ್ಲಿಲ್ಲ ಅಕ್ಕಾ" ಎಂದೆ. ಅವರು ವಾದ ಮಾಡಲಿಲ್ಲ. "ಇರಬಹುದು" ಎಂದು ಉಳಿದ ಕುರ್ಚಿಗಳಿಗೆ ಕೈ ಹಾಕಿದರು.

ಆ ಮಾತನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಎಲ್ಲರೂ ಹೋಗುವ ತನಕ ಕಾದಿದ್ದರು. ಒಂದೇ ವಿಷಯ ಹೇಳಿದರು. ಕಣ್ಣಾರೆ ಕಂಡದ್ದನ್ನು ಲೆಕ್ಕ ಸಮೇತ ಹೇಳಿದರು. ನಿಮಗೆ ಜಂಬ, ನಿಮಗೆ ತಾಳ್ಮೆ ಇಲ್ಲ ಎಂದು ನನ್ನ ಸ್ವಭಾವಕ್ಕೆ ಹೆಸರಿಡಲಿಲ್ಲ. ಹೇಳಿ ಓಡಿಹೋಗಲೂ ಇಲ್ಲ, ಕುರ್ಚಿ ಮಡಚಿದರು. ನೇರ ಮಾತಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಎರಡು ನಿಮಿಷದಲ್ಲಿ ಕಲಿತದ್ದು. ಅದನ್ನೇ ಇಲ್ಲಿ ಹಂತ ಹಂತವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಶುರುವಿಗೆ ಮುಂಚೆ: ಸುಮ್ಮನಿರುವುದೇ ಪ್ರೀತಿಯಲ್ಲ

ವಿಶ್ವಾಸಿಗಳಾದ ನಮ್ಮಲ್ಲಿ ಎರಡು ಚಾಳಿಗಳಿವೆ. ಕೆಲವರು ಏನನ್ನೂ ಹೇಳುವುದಿಲ್ಲ. ಅದಕ್ಕೆ ಪ್ರೀತಿ, ಸಮಾಧಾನ ಎಂದು ಹೆಸರಿಡುತ್ತಾರೆ. ಇನ್ನು ಕೆಲವರು ಬಾಯಿಗೆ ಬಂದದ್ದನ್ನೆಲ್ಲ ಹೇಳಿ, "ನಾನು ಇರೋದನ್ನ ಇದ್ದ ಹಾಗೇ ಹೇಳೋನು" ಎನ್ನುತ್ತಾರೆ. ಎಫೆಸದವರಿಗೆ ಬರೆದ ಪತ್ರದ 4:15ರಲ್ಲಿ ಪೌಲ ಸತ್ಯವನ್ನೂ ಪ್ರೀತಿಯನ್ನೂ ಒಂದೇ ಮಾತಿನಲ್ಲಿ ಕಟ್ಟಿದ್ದಾನೆ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ಅಲ್ಲಿ ಜಾಗವಿಲ್ಲ.

ನನಗೆ ಹೆಚ್ಚು ಚುಚ್ಚಿದ್ದು ಯಾಜಕಕಾಂಡದ 19ನೇ ಅಧ್ಯಾಯ. 'ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು' ಎಂಬ ಮಾತು 18ನೇ ವಚನದಲ್ಲಿದೆ, ಅದು ಎಲ್ಲರಿಗೂ ಬಾಯಿಪಾಠ. ಅದರ ಹಿಂದಿನ ವಚನವನ್ನು ಮಾತ್ರ ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಸಹೋದರನನ್ನು ಮನಸ್ಸಿನೊಳಗೆ ದ್ವೇಷಿಸಬೇಡ, ಅವನ ತಪ್ಪನ್ನು ಅವನಿಗೆ ಹೇಳು ಎನ್ನುತ್ತದೆ ಅದು. ಅಂದರೆ ಹೇಳಬೇಕಾದ್ದನ್ನು ಹೇಳದೆ ನುಂಗಿಕೊಂಡರೆ, ಒಳಗೆ ಅದು ದ್ವೇಷವಾಗಿ ಬೆಳೆಯಬಹುದು. ಮೇಲೆ ಮಾತ್ರ ನಗು, "ಪ್ರೈಸ್ ದ ಲಾರ್ಡ್".

ಒಂದು: ಇದು ಹೇಳುವಂಥ ಮಾತೇ ಎಂದು ನೋಡಿ

ಕಂಡದ್ದನ್ನೆಲ್ಲ ಹೇಳಬೇಕಾಗಿಲ್ಲ. ಪ್ರೀತಿ ಬಹಳ ಪಾಪಗಳನ್ನು ಮುಚ್ಚುತ್ತದೆ ಎಂದು ಪೇತ್ರ ಬರೆದಿದ್ದಾನೆ (1 ಪೇತ್ರ 4:8). ಯಾರೋ ಒಂದು ದಿನ ಸಿಡುಕಿದರು, ಒಮ್ಮೆ ತಡವಾಗಿ ಬಂದರು, ಹಾಡನ್ನು ನಿಮಗೆ ಬೇಡವಾದ ರಾಗದಲ್ಲಿ ಹಾಡಿದರು. ಬಿಟ್ಟುಬಿಡಿ. ಆದರೆ ನಿಜವಾಗಿ ಬಿಟ್ಟುಬಿಡಿ. ತಿಂಗಳಾದ ಮೇಲೆ ಇನ್ನೊಂದು ಜಗಳದಲ್ಲಿ ಅದನ್ನು ಎತ್ತಿದರೆ ನೀವು ಬಿಟ್ಟಿರಲಿಲ್ಲ, ಕೂಡಿಟ್ಟಿದ್ದಿರಿ.

ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇಷ್ಟೇ. ಇದರಿಂದ ಅವರಿಗೋ ಇನ್ನೊಬ್ಬರಿಗೋ ಕೆಡುಕಾಗುತ್ತಿದೆಯಾ, ಇಲ್ಲಾ ನನಗೆ ಹಿಡಿಸುತ್ತಿಲ್ಲ ಅಷ್ಟೇನಾ? ಇದನ್ನು ಹೇಳಬೇಕಾದವನು ನಾನೇನಾ, ಅವರಿಗೆ ಇನ್ನೂ ಹತ್ತಿರದವರು ಇದ್ದಾರಾ? ಕೋಪ ಇಳಿದ ಮೇಲೂ ಹೇಳಬೇಕು ಅನ್ನಿಸುತ್ತಾ? ಮೂರನೆಯದು ಬಹಳ ಮಾತುಗಳನ್ನು ಸೋಸಿಬಿಡುತ್ತದೆ. ಒಂದು ರಾತ್ರಿ ನಿದ್ದೆ ಮಾಡಿ ಎದ್ದರೆ ಅರ್ಧಕ್ಕರ್ಧ ದೂರುಗಳು ಇರುವುದೇ ಇಲ್ಲ.

ಆಮೇಲೆ ತೊಲೆಯ ವಿಷಯ. ಮತ್ತಾಯ 7ರಲ್ಲಿ ಯೇಸು ಹೇಳಿದ ರವೆ (ಸಣ್ಣ ಕಸ) ಮತ್ತು ತೊಲೆಯ (ದೊಡ್ಡ ಮರದ ದಿಮ್ಮಿ) ಮಾತನ್ನು ಜನ ಸಾಮಾನ್ಯವಾಗಿ 'ಯಾರಿಗೂ ಏನೂ ಹೇಳಬೇಡ' ಎಂಬ ಅರ್ಥದಲ್ಲಿ ಉದುರಿಸುತ್ತಾರೆ. ಪೂರ್ತಿ ಓದಿ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆದುಹಾಕು, ಆಗ ಸಹೋದರನ ಕಣ್ಣಿನ ರವೆ ತೆಗೆಯುವುದಕ್ಕೆ ಚೆನ್ನಾಗಿ ಕಾಣಿಸುತ್ತದೆ ಎಂದು ಅದು ಮುಗಿಯುತ್ತದೆ. ರವೆ ಅಲ್ಲೇ ಇರಲಿ ಅಂತ ಯೇಸು ಹೇಳಲಿಲ್ಲ. ಯೋಚನೆ ಮಾಡಿ, ಕಣ್ಣಿನ ಕಸ ತೆಗೆಯಲು ಯಾರನ್ನು ಬಿಡುತ್ತೇವೆ? ಕೈ ತೊಳೆದುಕೊಂಡು, ಉಸಿರು ಹಿಡಿದು, ಮೆಲ್ಲಗೆ ರೆಪ್ಪೆ ಎತ್ತುವವರನ್ನು.

ಎರಡು: ಒಂದು ಸಾಲಿನಲ್ಲಿ ಬರೆಯಿರಿ

ಹೇಳಬೇಕಾದ ಮಾತನ್ನು ಕಾಗದದ ಮೇಲೆ ಒಂದೇ ಸಾಲಿನಲ್ಲಿ ಬರೆಯಿರಿ. ಕಳಿಸುವುದಕ್ಕಲ್ಲ, ನಿಮಗೇ. ಒಂದು ಸಾಲಿಗೆ ಬರಲಿಲ್ಲ ಎಂದರೆ ನಿಮ್ಮ ಹತ್ತಿರ ಇರುವುದು ಒಂದು ಮಾತಲ್ಲ, ಹಳೇ ದೂರುಗಳ ಗಂಟು. ಗಂಟು ಬಿಚ್ಚಿ ಒಂದನ್ನು ಮಾತ್ರ ಆರಿಸಿ.

ಬರೆದ ಮೇಲೆ 'ಯಾವಾಗಲೂ', 'ಯಾವತ್ತೂ ಇಲ್ಲ', 'ಎಲ್ಲರೂ ಹೇಳ್ತಾರೆ' ಎಂಬವನ್ನು ಹೊಡೆದುಹಾಕಿ. 'ಎಲ್ಲರೂ ಹೇಳ್ತಾರೆ' ಎಂಬುದಂತೂ ಕೆಟ್ಟ ಮಾತು. ಕೇಳಿದವರು ಆ ಎಲ್ಲರು ಯಾರೆಂದು ಹುಡುಕುತ್ತಲೇ ಮುಂದಿನ ಹತ್ತು ಭಾನುವಾರ ಕಳೆಯುತ್ತಾರೆ.

"ನೀನು ಬೇಜವಾಬ್ದಾರಿ ಮನುಷ್ಯ" ಎಂದು ಬರೆದಿದ್ದರೆ ಅದು ತೀರ್ಪು. "ಹೋದ ಎರಡು ಶನಿವಾರ ಬರ್ತೀನಿ ಅಂದು ಬರಲಿಲ್ಲ, ಫೋನೂ ಮಾಡಲಿಲ್ಲ. ಮಕ್ಕಳು ಕಾದು ಕೂತಿದ್ದರು" ಎಂದರೆ ಅದು ನಡೆದದ್ದು. ತೀರ್ಪಿನ ಜೊತೆ ವಾದ ಮಾಡಬಹುದು. ನಡೆದದ್ದರ ಜೊತೆ ಏನು ವಾದ?

ಇನ್ನೊಂದು ಇದೆ. ನೀವು ಕಂಡದ್ದು ಪೂರ್ತಿ ಕಥೆ ಅಲ್ಲದಿರಬಹುದು. ಮೊದಲು ಹೇಳಿದವನ ಮಾತು ಸರಿ ಎನ್ನಿಸುತ್ತದೆ, ಇನ್ನೊಬ್ಬ ಬಂದು ಪ್ರಶ್ನೆ ಕೇಳುವ ತನಕ ಎಂದು ಜ್ಞಾನೋಕ್ತಿ 18:17 ಎಚ್ಚರಿಸುತ್ತದೆ. ಅದಕ್ಕೇ ಬರೆದ ಸಾಲಿನ ಕೊನೆಗೆ ಒಂದು ಪ್ರಶ್ನೆ ಸೇರಿಸಿಟ್ಟುಕೊಳ್ಳಿ: "ಏನಾಯ್ತು?" ಸುಮ್ನೆ ಬಾಯಿಮಾತಿಗಲ್ಲ, ಉತ್ತರ ಬೇಕು ಎಂದು ಕೇಳಬೇಕು.

ಮೂರು: ಒಬ್ಬರೇ ಹೋಗಿ

ಮತ್ತಾಯ 18:15ರಲ್ಲಿ ಯೇಸು ಕೊಟ್ಟ ಕ್ರಮ ಸ್ಪಷ್ಟ. ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ನಾವು ಇದನ್ನು ತಲೆಕೆಳಗೆ ಮಾಡುತ್ತೇವೆ. ಮೊದಲು ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಆಮೇಲೆ ಪಾಸ್ಟರಿಗೆ, ಕೊನೆಗೆ ಯಾರ ವಿಷಯವೋ ಅವರಿಗೆ.

ಪ್ರಾರ್ಥನಾ ವಿನಂತಿಯ ಹೆಸರಿನಲ್ಲಿ ನಡೆಯುವ ಹರಟೆಯನ್ನು ಇಲ್ಲಿ ಹೆಸರಿಟ್ಟೇ ಹೇಳಬೇಕು. "ಆ ಬ್ರದರ್‌ಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ, ಮನೇಲಿ ಏನೋ ಸರಿ ಇಲ್ಲ ಅಂತೆ." ಇದು ಪ್ರಾರ್ಥನೆ ಅಲ್ಲ, ಅಲ್ವಾ? ಪ್ರಾರ್ಥನೆ ಮಾಡುವುದಿದ್ದರೆ ಬಾಗಿಲು ಹಾಕಿಕೊಂಡು ಮಾಡಿ. ಪ್ರಸಂಗದಲ್ಲಿ ಹೆಸರು ಹೇಳದೆ ಒಬ್ಬರಿಗೇ ಗುರಿ ಇಟ್ಟು ಹೊಡೆಯುವುದೂ ಅದೇ ಜಾತಿಯದು. ಗುಂಪಿನ ಚಾಟ್‌ನಲ್ಲಿ ವಚನ ಹಾಕಿ ಚುಚ್ಚುವುದನ್ನಂತೂ ಬಿಟ್ಟೇಬಿಡಿ.

ಅಪೊಸ್ತಲರ ಕೃತ್ಯಗಳು 18ರಲ್ಲಿ ಅಪೊಲ್ಲೋಸ ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡುತ್ತಾನೆ. ಒಳ್ಳೇ ವಾಗ್ಮಿ, ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗೆ ಮುಂಚೆ ಬಂದ ಸ್ನಾನಿಕ ಯೋಹಾನನ ದೀಕ್ಷಾಸ್ನಾನ ಮಾತ್ರ. ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎದ್ದು ನಿಂತು ತಿದ್ದಲಿಲ್ಲ. ಅವನನ್ನು ತಮ್ಮ ಜೊತೆ ಕರೆದುಕೊಂಡು, ಇನ್ನೂ ಸರಿಯಾಗಿ ವಿವರಿಸಿದರು. ಇಬ್ಬರೂ ಡೇರೆ ಮಾಡುವ ಕಸುಬಿನವರು, ಎದುರಿಗಿದ್ದವನು ಪಂಡಿತ. ಆ ಮಾತುಕತೆಯಲ್ಲಿ ಏನೇನು ಹೇಳಿದರೆಂದು ಲೂಕ ಬರೆದಿಲ್ಲ. ಅಪೊಲ್ಲೋಸ ಅಲ್ಲಿಂದ ಅಖಾಯಕ್ಕೆ ಹೋಗಿ ಅಲ್ಲಿನ ವಿಶ್ವಾಸಿಗಳಿಗೆ ದೊಡ್ಡ ಸಹಾಯವಾದ ಎಂದು ಮಾತ್ರ ಬರೆದಿದ್ದಾನೆ.

ನಾನು ಇದಕ್ಕೆ ತದ್ವಿರುದ್ಧ ಮಾಡಿದ್ದೇನೆ. ಒಮ್ಮೆ ಹಾಡಿನ ಅಭ್ಯಾಸದಲ್ಲಿ ಗೆಳೆಯನೊಬ್ಬನಿಗೆ ಎಲ್ಲರೆದುರೇ, "ನೀನು ಮನೇಲಿ ನೋಡ್ಕೊಂಡೇ ಬಂದಿಲ್ಲ" ಎಂದುಬಿಟ್ಟೆ. ಮಾತು ನಿಜವೇ. ಅವನು ಹಾಳೆಗಳನ್ನು ಜೋಡಿಸಿ, ಫೈಲಿನಲ್ಲಿಟ್ಟು, ಪಕ್ಕದವನ ಕೈಗೆ ಕೊಟ್ಟು ಹೊರಟುಹೋದ. ಮುಂದಿನ ಐದು ತಿಂಗಳು ಬರಲಿಲ್ಲ. ಆ ವಾರಗಳಲ್ಲಿ ಅವನ ತಾಯಿ ಕಾಯಿಲೆ ಬಿದ್ದಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. "ಏನಾಯ್ತು?" ಎಂದು ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಹಾಗಾದರೆ ಎಲ್ಲವನ್ನೂ ಒಬ್ಬರೇ ಹೋಗಿ ಹೇಳಬೇಕಾ? ಇಲ್ಲ. ಎಲ್ಲರೆದುರು ನಡೆದು ಎಲ್ಲರನ್ನೂ ದಾರಿ ತಪ್ಪಿಸುವ ತಪ್ಪಿಗೆ ಎಲ್ಲರೆದುರೇ ಉತ್ತರ ಬೇಕಾಗುತ್ತದೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಜೊತೆ ಊಟಕ್ಕೆ ಕೂರುತ್ತಿದ್ದವನು, ಯೆರೂಸಲೇಮಿನ ಯಾಕೋಬನ ಕಡೆಯ ಯೆಹೂದ್ಯರು ಬಂದ ಮೇಲೆ ಹಿಂದೆ ಸರಿದ. ಬಾರ್ನಬನೂ ಅದೇ ಹಾದಿ ಹಿಡಿದ. ಆಗ ಪೌಲ ಎಲ್ಲರ ಮುಂದೆಯೇ ಅವನನ್ನು ಪ್ರಶ್ನಿಸಿದ (ಗಲಾತ್ಯ 2:11-14).

ಇದಕ್ಕಿಂತ ಗಂಭೀರವಾದ್ದು ಒಂದಿದೆ. ಮಕ್ಕಳ ಮೇಲೆ, ಹೆಂಗಸರ ಮೇಲೆ, ಯಾರದೇ ಮೇಲೆ ದೌರ್ಜನ್ಯ ನಡೆದಿದ್ದರೆ 'ಒಬ್ಬಳೇ ಹೋಗಿ ಅವನ ಹತ್ತಿರ ಮಾತಾಡು' ಎಂದು ನೊಂದವರಿಗೆ ಹೇಳುವುದು ಪಾಪ. ಮತ್ತಾಯ 18 ಅದಕ್ಕೆ ಬರೆದದ್ದಲ್ಲ. ಅದೇ ಅಧ್ಯಾಯದ ಶುರುವಿನಲ್ಲಿ ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತಿದೆ, ಓದಿ. ಅಂಥದ್ದನ್ನು ಸಭೆಯ ಮರ್ಯಾದೆ ನೋಡದೆ ಪೊಲೀಸರಿಗೆ ತಿಳಿಸಬೇಕು, ನೊಂದವರನ್ನು ಸುರಕ್ಷಿತ ಜಾಗಕ್ಕೆ ಸೇರಿಸಬೇಕು.

ನಾಲ್ಕು: ಬಾಯಿ ತೆರೆದಾಗ

ಅಪ್ಪಣೆ ಕೇಳಿ. "ಒಂದು ಮಾತು ಹೇಳ್ಬೇಕಿತ್ತು, ಈಗ ಹೇಳಬಹುದಾ?" ಇವತ್ತು ಬೇಡ ಎಂದರೆ ಇವತ್ತು ಬೇಡ, ಯಾವಾಗ ಎಂದು ಕೇಳಿ ಎದ್ದುಬನ್ನಿ.

ಹತ್ತು ನಿಮಿಷ ಹೊಗಳಿ, ಆಮೇಲೆ 'ಆದರೆ' ಎಂದು ಶುರುಮಾಡಬೇಡಿ. ಆ 'ಆದರೆ' ಬರುವುದು ಎಲ್ಲರಿಗೂ ಗೊತ್ತು, ಹೊಗಳಿಕೆಯೂ ಹಾಳಾಗುತ್ತದೆ. ಬರೆದಿಟ್ಟ ಸಾಲನ್ನು ಹೇಳಿ. ಪ್ರಶ್ನೆ ಕೇಳಿ. ನಿಲ್ಲಿಸಿ. ಈ ನಿಲ್ಲಿಸುವುದೇ ಕಷ್ಟದ ಭಾಗ. ಎದುರಿನವರ ಮೌನ ತಡೆಯಲಾರದೆ ನಾವು ಇನ್ನೂ ನಾಲ್ಕು ಉದಾಹರಣೆ ಜೋಡಿಸುತ್ತೇವೆ, ಅಲ್ಲಿಗೆ ಕೆಲಸ ಕೆಡುತ್ತದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಅತ್ಯಂತ ಒಳ್ಳೇ ಕೆಲಸ ಅದೇ.

"ಕರ್ತರು ನನಗೆ ಇದನ್ನ ತೋರಿಸಿದ್ರು" ಎಂಬ ಮುನ್ನುಡಿ ಬೇಡ. ಕಂಡದ್ದು ನಿಮ್ಮ ಕಣ್ಣಿಗೆ, ನಿಮ್ಮ ಹೆಸರಲ್ಲೇ ಹೇಳಿ. ದೇವರ ಹೆಸರು ಮುಂದಿಟ್ಟರೆ ಎದುರಿನವರು "ಇಲ್ಲ, ನೀವು ತಪ್ಪು ತಿಳ್ಕೊಂಡಿದ್ದೀರಿ" ಎನ್ನಲಾರರು. ಅವರ ಬಾಯಿ ಕಟ್ಟಿ ಆಡುವುದು ನೇರ ಮಾತಲ್ಲ.

ಯಾರಿಗೆ ಹೇಳುತ್ತಿದ್ದೀರಿ ಎಂಬುದರ ಮೇಲೆ ದನಿ ಬದಲಾಗಬೇಕು. ಹಿರಿಯರನ್ನು ತಂದೆಯಂತೆ, ಹೆಂಗಸರಲ್ಲಿ ಹಿರಿಯರನ್ನು ತಾಯಿಯಂತೆ, ಕಿರಿಯರನ್ನು ತಮ್ಮ ತಂಗಿಯರಂತೆ ಕಂಡು ಬುದ್ಧಿ ಹೇಳು ಎಂದು ತಿಮೊಥೆಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ ಶುರುವಾಗುತ್ತದೆ. ಅರಸನಾದ ದಾವೀದ ಇನ್ನೊಬ್ಬನ ಹೆಂಡತಿ ಬತ್ಷೆಬೆಯನ್ನು ಕೂಡಿ, ಅವಳ ಗಂಡನನ್ನು ಕೊಲ್ಲಿಸಿದ್ದ. ಅದನ್ನು ಅವನಿಗೆ ಹೇಳಬೇಕಾದಾಗ ಪ್ರವಾದಿ ನಾತಾನ ಆಪಾದನೆಯಿಂದ ಶುರುಮಾಡಲಿಲ್ಲ. ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆ ಹೇಳಿದ. ಅದು ಆ ಬಡವನ ಬಟ್ಟಲಲ್ಲೇ ಕುಡಿದು, ಅವನ ಮಡಿಲಲ್ಲೇ ಮಲಗುತ್ತಿದ್ದ ಮರಿ. ಕುರಿ ಕಾದು ಬೆಳೆದ ದಾವೀದನಿಗೆ ಆ ಕಥೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. 'ಆ ಮನುಷ್ಯ ನೀನೇ' ಎಂಬ ಮಾತು ಬಂದದ್ದು ಆಮೇಲೆ.

ಐದು: ಹೇಳಿದ ಮೇಲೆ ಅಲ್ಲೇ ಇರಿ

ಗಲಾತ್ಯ 6:1ರಲ್ಲಿ ತಪ್ಪಿದವನನ್ನು ಶಾಂತಭಾವದಿಂದ ಸರಿಮಾಡಿ ಎಂದಿದೆ. ಅಲ್ಲಿ ಬಳಸಿದ ಗ್ರೀಕ್ ಕ್ರಿಯಾಪದವೇ ಮಾರ್ಕ 1:19ರಲ್ಲೂ ಬರುತ್ತದೆ. ಯಾಕೋಬ ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು, ಆ ಕೆಲಸಕ್ಕೆ ಅದೇ ಪದ. ಹರಿದ ಬಲೆಯ ಮುಂದೆ ನಿಂತು 'ಹರಿದಿದೆ' ಎಂದು ಕೂಗಿದರೆ ಬಲೆ ಸರಿಹೋಗುತ್ತಾ? ಕೂತು, ಒಂದೊಂದೇ ಕಣ್ಣನ್ನು ಹುಡುಕಿ ಗಂಟು ಹಾಕಬೇಕು.

ಅದಕ್ಕೇ, ಹೇಳಲು ಹೊರಡುವ ಮೊದಲು ನೀವು ಏನು ಮಾಡಲು ತಯಾರಿದ್ದೀರಿ ಎಂದು ತೀರ್ಮಾನಿಸಿಕೊಳ್ಳಿ. ಸಾಲದ ಸುಳಿಗೆ ಬಿದ್ದವರಿಗೆ "ಖರ್ಚು ಜಾಸ್ತಿ ಮಾಡ್ತೀರಿ" ಎಂದರೆ, ಕೂತು ಲೆಕ್ಕ ಬರೆಯಲು ಒಂದು ಸಂಜೆ ಕೊಡುತ್ತೀರಾ? ಕುಡಿತದ ಬಗ್ಗೆ ಹೇಳಿದರೆ, ರಾತ್ರಿ ಅವರ ಫೋನ್ ಬಂದಾಗ ಎತ್ತುತ್ತೀರಾ? ಏನೂ ಮಾಡಲಾರೆ ಎಂದಾದರೆ, ಮಾಡಬಲ್ಲವರು ಹೇಳಲಿ.

ಆರು: ಕೇಳುವ ಸರದಿ ನಿಮ್ಮದಾದಾಗ

ಇದು ಹೇಳುವುದಕ್ಕಿಂತ ಕಷ್ಟ. ಕಿವಿ ಬಿಸಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಾಯಿ ತಾನಾಗಿ ಕಾರಣ ಕೊಡಲು ಶುರುಮಾಡುತ್ತದೆ. ಆ ಹೊತ್ತಿನಲ್ಲಿ ಹೊಸ ವಾಕ್ಯ ಹುಟ್ಟುವುದಿಲ್ಲ. ಅದಕ್ಕೆ ಒಂದನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ನನ್ನದು ಇದು: "ಹೇಳಿದ್ದು ಒಳ್ಳೇದಾಯ್ತು. ಸ್ವಲ್ಪ ಯೋಚನೆ ಮಾಡಿ ಮತ್ತೆ ಸಿಗ್ತೀನಿ." ಇದರಲ್ಲಿ ಒಪ್ಪಿಗೆಯೂ ಇಲ್ಲ, ವಾದವೂ ಇಲ್ಲ. ಕೇಳುವುದರಲ್ಲಿ ಚುರುಕು, ಮಾತಲ್ಲಿ ನಿಧಾನ, ಕೋಪದಲ್ಲೂ ನಿಧಾನ ಎಂದ ಯಾಕೋಬನ ಮಾತಿಗೆ (1:19) ನಾನು ಕಂಡುಕೊಂಡ ಉಪಾಯ ಇಷ್ಟೇ.

ಆಮೇಲೆ ಒಂದು ಉದಾಹರಣೆ ಕೇಳಿ. "ಯಾವಾಗ ಹಾಗೆ ಮಾಡಿದೆ?" ಎಂಬುದನ್ನು ಸವಾಲಿನ ದನಿಯಲ್ಲೂ ಕೇಳಬಹುದು, ತಿಳಿಯಬೇಕೆಂಬ ದನಿಯಲ್ಲೂ ಕೇಳಬಹುದು. ಎದುರಿನವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಅವರು ಯಾಕೆ ಹೇಳಿದರು ಎಂಬ ತನಿಖೆಗೆ ಇಳಿಯಬೇಡಿ. ಹೊಟ್ಟೆಕಿಚ್ಚಿನಿಂದ ಹೇಳಿದ ಮಾತೂ ನಿಜವಿರಬಹುದು. ಯುದ್ಧಕ್ಕೆ ಹೋಗಲೇ ಎಂದು ಕೇಳಿದ ಅರಸ ಅಹಾಬ 400 ಪ್ರವಾದಿಗಳ ಹೌದಪ್ಪಗಳನ್ನು ಕೇಳಿ ಖುಷಿಪಟ್ಟ, ಮೀಕಾಯೆಹು ಎಂಬ ಪ್ರವಾದಿ ಒಬ್ಬನ ಬಗ್ಗೆ 'ಅವನನ್ನು ಕಂಡರೆ ನನಗಾಗದು, ನನ್ನ ವಿಷಯದಲ್ಲಿ ಒಳ್ಳೇದನ್ನು ನುಡಿಯುವುದೇ ಇಲ್ಲ' ಎಂದ (1 ಅರಸುಗಳು 22). ಮೀಕಾಯೆಹು ಎಚ್ಚರಿಸಿದರೂ ಹೋಗಿ ಆ ಯುದ್ಧದಲ್ಲೇ ಸತ್ತ. ಮೋಶೆಗೆ ಬುದ್ಧಿ ಹೇಳಿದ ಮಾವ ಇತ್ರೋ ಹೊರಗಿನವನು, ಮಿದ್ಯಾನಿನ ಯಾಜಕ. ಬೆಳಗಿನಿಂದ ಸಂಜೆ ತನಕ ಒಬ್ಬನೇ ಕೂತು ನ್ಯಾಯ ಹೇಳುವುದು ಒಳ್ಳೇದಲ್ಲ, ನೀನೂ ಬಳಲುತ್ತೀ ಜನರೂ ಬಳಲುತ್ತಾರೆ ಎಂದ. ಸಮುದ್ರ ದಾಟಿ ಬಂದ ಮೋಶೆ, 'ನನಗೆ ಹೇಳೋಕೆ ನೀನ್ಯಾರು' ಎನ್ನಬಹುದಿತ್ತು. ಅವನು ಹೇಳಿದಂತೆಯೇ ಮಾಡಿದ.

ಮಾತು ನಿಜ ಅನ್ನಿಸಿದರೆ ಒಪ್ಪಿಕೊಳ್ಳಿ, ಚಿಕ್ಕದಾಗಿ. ನಾತಾನನಿಗೆ ದಾವೀದ ಕೊಟ್ಟ ಉತ್ತರ ಹೀಬ್ರೂ ಭಾಷೆಯಲ್ಲಿ ಎರಡೇ ಪದ: ಯೆಹೋವನಿಗೆ ವಿರುದ್ಧವಾಗಿ ಪಾಪ ಮಾಡಿದೆ. ಇದರ ಪಕ್ಕದಲ್ಲಿ 1 ಸಮುವೇಲ 15ರ ಅರಸ ಸೌಲನನ್ನು ಇಟ್ಟು ನೋಡಿ. ಶತ್ರುಗಳ ದನಕುರಿಗಳನ್ನೂ ಉಳಿಸಬಾರದೆಂಬ ಆಜ್ಞೆಯನ್ನು ಅವನು ಮೀರಿದ್ದ, ಪ್ರವಾದಿ ಸಮುವೇಲ ಅದನ್ನು ಕೇಳಲು ಬಂದ. ಮೊದಲು ಆಜ್ಞೆ ನೆರವೇರಿಸಿದ್ದೇನೆ ಎಂದ. ಆಮೇಲೆ ಕುರಿ ತಂದದ್ದು ಜನರು ಎಂದ. ಆಮೇಲೆ ಅದು ಯಜ್ಞಕ್ಕೆ ಎಂದ. ಕೊನೆಗೆ ಪಾಪ ಮಾಡಿದೆ ಎಂದ, ಜೊತೆಗೇ ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದ. ನನ್ನ ಕ್ಷಮಾಪಣೆಗಳು ಹೆಚ್ಚಾಗಿ ಸೌಲನ ಮನೆತನದವು. "ತಪ್ಪಾಯ್ತು, ಆದ್ರೆ ಅವತ್ತು..." ಎಂದು ಶುರುವಾಗುತ್ತವೆ. 'ತಪ್ಪಾಯ್ತು' ಆದ ಮೇಲೆ ಒಂದು ಚುಕ್ಕಿ ಇಡಲು ಕಲಿಯಬೇಕು.

ಇಲ್ಲಿ ಒಂದು ಸಣ್ಣ ಸಂಗತಿ ಸೇರಿಸುತ್ತೇನೆ. 1 ಪೂರ್ವಕಾಲವೃತ್ತಾಂತ 3:5ರಲ್ಲಿ ಬತ್ಷೆಬೆಯಲ್ಲಿ ದಾವೀದನಿಗೆ ಹುಟ್ಟಿದ ಗಂಡುಮಕ್ಕಳ ಹೆಸರುಗಳಿವೆ. ಅದರಲ್ಲೊಬ್ಬನ ಹೆಸರು ನಾತಾನ. ಪ್ರವಾದಿಯ ನೆನಪಿಗೇ ಇಟ್ಟದ್ದು ಎಂದು ಬೈಬಲ್ ಹೇಳುವುದಿಲ್ಲ. ಆದರೂ ಆ ಪಟ್ಟಿ ಓದುವಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತೇನೆ. ಆ ಮನೆಯಲ್ಲಿ ದಿನಾ ಆ ಹೆಸರು ಹಿಡಿದು ಕರೆಯುತ್ತಿದ್ದರಲ್ಲ.

ಹೇಳಿದ್ದೆಲ್ಲ ನಿಜವಾಗಿರಬೇಕಿಲ್ಲ. ಯೋಬನಿಗೆ ಅವನ ಗೆಳೆಯರು ದೇವರ ಹೆಸರಲ್ಲೇ ಉದ್ದುದ್ದ ಬುದ್ಧಿ ಹೇಳಿದರು. ಕೊನೆಯಲ್ಲಿ ದೇವರೇ ಅವರಲ್ಲೊಬ್ಬನಾದ ಎಲೀಫಜನಿಗೆ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದರು (42:7). ಅನುಮಾನವಿದ್ದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬಿಬ್ಬರನ್ನು ಕೇಳಿ. ನಿಮ್ಮ ಪಕ್ಷ ವಹಿಸುವವರನ್ನಲ್ಲ. ಹತ್ತರಲ್ಲಿ ಎಂಟು ಭಾಗ ಸುಳ್ಳೆನಿಸಿದರೆ ಉಳಿದ ಎರಡನ್ನು ಇಟ್ಟುಕೊಳ್ಳಿ, ಎಂಟನ್ನು ಬಿಡಿ, ಹೇಳಿದವರ ಮೇಲೆ ಹಗೆ ಸಾಧಿಸಬೇಡಿ.

ಏಳು: ಕೇಳುವ ಮೊದಲೇ ಕೇಳಿಕೊಳ್ಳಿ

ಮೆಥಡಿಸ್ಟ್ ಚಳವಳಿ ಶುರುಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ನಿಯಮ ಬರೆದಾಗ, ಸೇರುವವರಿಗೆ ಕೇಳುವ ಪ್ರಶ್ನೆಗಳನ್ನೂ ಬರೆದಿಟ್ಟರು. ನಿನ್ನ ತಪ್ಪುಗಳನ್ನು ನಿನಗೆ ಹೇಳಬೇಕೆಂದು ನೀನು ಬಯಸುತ್ತೀಯಾ ಎಂಬುದು ಅವುಗಳಲ್ಲೊಂದು. ಒಳಗೆ ಬರುವ ಮೊದಲೇ ಒಪ್ಪಿಗೆ ಸಿಕ್ಕಿರುವುದರಿಂದ ಆಮೇಲೆ ಹೇಳುವವರ ಭಾರ ಇಳಿಯುತ್ತದೆ.

ನೀವೂ ಒಬ್ಬರನ್ನು ಆರಿಸಿಕೊಳ್ಳಿ, ಒಬ್ಬರು ಸಾಕು. "ನನ್ನಲ್ಲಿ ಏನಾದ್ರೂ ತಪ್ಪಿದ್ಯಾ?" ಎಂದು ಕೇಳಬೇಡಿ. "ಅಯ್ಯೋ, ಏನಿಲ್ಲ ಬಿಡಿ" ಎಂಬ ಉತ್ತರ ಬರುತ್ತದೆ. "ಹೋದ ವಾರದ ಮೀಟಿಂಗ್‌ನಲ್ಲಿ ನಾನು ಯಾರ ಮಾತನ್ನಾದ್ರೂ ಅರ್ಧಕ್ಕೆ ತಡೆದ್ನಾ?" ಎಂದು ಕೇಳಿ. ಇಕ್ಕಟ್ಟಾದ ಪ್ರಶ್ನೆಗೆ ನಿಜವಾದ ಉತ್ತರ ಸಿಗುತ್ತದೆ. ಸಿಕ್ಕಾಗ ಮುಖ ಗಂಟಿಕ್ಕಿದರೆ ಮುಂದಿನ ಸಲ ಅವರು ಸುಳ್ಳು ಹೇಳುತ್ತಾರೆ, ನಿಮ್ಮ ಮೇಲಿನ ಕರುಣೆಯಿಂದ.

ಕೊನೆಯದು: ವಾರ ಬಿಟ್ಟು ಮತ್ತೆ ಸಿಗಿ

ಹೇಳಿದವರೂ ಕೇಳಿದವರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡುವ ಕಾಲ ಒಂದು ಬರುತ್ತದೆ. ಅದನ್ನು ಉದ್ದ ಬಿಡಬೇಡಿ. ಹೇಳಿದವರು ವಾರದೊಳಗೆ ಏನಾದರೂ ಮಾಮೂಲಿ ವಿಷಯಕ್ಕೆ ಫೋನ್ ಮಾಡಿ. ಕೇಳಿದವರು, 'ಯೋಚನೆ ಮಾಡಿ ಸಿಗ್ತೀನಿ' ಎಂದಿದ್ದರೆ ನಿಜವಾಗಿ ಹೋಗಿ ಸಿಗಿ.

ನಾನು ಆ ಅಕ್ಕನ ಹತ್ತಿರ ಹೋಗಲು ಎರಡು ವಾರ ತೆಗೆದುಕೊಂಡೆ. ನಡುವಿನ ವಾರ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಲು ಶುರುಮಾಡಿದೆ. ಹತ್ತು ಎಂದರೆ ಎಷ್ಟು ಉದ್ದ ಗೊತ್ತಾ? ಯಾರೋ ಕೆಮ್ಮುತ್ತಾರೆ, ಯಾರೋ ಪುಟ ತಿರುವುತ್ತಾರೆ, ಎಲ್ಲರೂ ನೆಲ ನೋಡುತ್ತಾರೆ. ಮೊದಲ ಎರಡು ಪ್ರಶ್ನೆಗೆ ಆರರಲ್ಲೇ ಸೋತು ಬಾಯಿ ಬಿಟ್ಟೆ. ಮೂರನೆಯದಕ್ಕೆ ಎಂಟು ಎಣಿಸುವಷ್ಟರಲ್ಲಿ ಹಿಂದಿನ ಸಾಲಿನ ಆ ಹುಡುಗಿ ಮಾತಾಡಿದಳು. ಅಕ್ಕನಿಗೆ ಇದನ್ನು ಹೇಳಿದಾಗ ಅವರು ನಕ್ಕು, "ಆರಕ್ಕೆ ಎರಡು ಸಲ ಸೋತಿದ್ದು ನಾನೂ ನೋಡ್ದೆ" ಎಂದರು.